ಕೆಂಪು ರಸ್ತೆ: ಬಣ್ಣ ಬಳಿದರೆ ಸಾಕೇ?



ಹೋದ ತಿಂಗಳು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ಕೆಲವರು ಒಂದು ಮನವಿಪತ್ರ ಬರೆದು ನನ್ನ ಸಹಿಗೆ ತಂದಿದ್ದರು. ವಿಷಯ ಚಿಕ್ಕದು. ಕಾಲೇಜು ಗೇಟಿನ ಮುಂದೆ ವಿದ್ಯಾರ್ಥಿಗಳು ದಾಟುವ ಜಾಗದಲ್ಲಿ ರಸ್ತೆಗೆ ಕೆಂಪು ಬಣ್ಣ ಬಳಿಸಿಕೊಡಬೇಕು. ಕಾರಣ ನಮಗೆಲ್ಲ ಗೊತ್ತಿರುವುದೇ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಬೆಳಗಿನಿಂದ ರಾತ್ರಿಯವರೆಗೆ ಸಾಲುಗಟ್ಟಿ ಹೋಗುತ್ತವೆ. ಹಿಡಕಲ್ ಡ್ಯಾಮ್ ಕಡೆಯಿಂದ ಬರುವ ಬಸ್ಸು ನಿಲ್ಲುವುದು ರಸ್ತೆಯ ಆಚೆ ಬದಿಗೆ. ಹಿಂದಿನ ಹಂಗಾಮಿನಲ್ಲಿ ಪ್ರಥಮ ವರ್ಷದ ಒಬ್ಬ ಹುಡುಗ ದಾಟುವಾಗ ಬೈಕ್ ತಗುಲಿ ಕಾಲು ಮುರಿದುಕೊಂಡು ಎರಡು ತಿಂಗಳು ಮನೆಯಲ್ಲೇ ಕುಳಿತ.

ನಾನು ಸಹಿ ಹಾಕಲಿಲ್ಲ, ಒಂದು ವಾರ ಸಮಯ ಕೇಳಿದೆ. ಕೆಲವರಿಗೆ ಬೇಸರವಾಯಿತೆಂದು ಗೊತ್ತು. ನಿಮ್ಮ ಬೇಡಿಕೆ ಸರಿಯಾಗಿತ್ತು. ಅದರೊಳಗಿನ ‘ಬಳಿಸಿಕೊಡಬೇಕು’ ಎಂಬ ಒಂದು ಶಬ್ದ ಮಾತ್ರ ನನ್ನನ್ನು ತಡೆಯಿತು. ರಸ್ತೆಗೆ ಬಣ್ಣ ಬಳಿಯುವುದು ಬೇರೆ, ಬಣ್ಣದ ರಸ್ತೆ ಹಾಕುವುದು ಬೇರೆ. ಇವೆರಡರ ನಡುವಿನ ವ್ಯತ್ಯಾಸ ತಿಳಿಯದೆ ಕೇಳಿದರೆ, ಸಿಕ್ಕಿದ್ದೇ ಅಪಘಾತಕ್ಕೆ ಕಾರಣವಾಗಬಹುದು. ಈ ಪಾಠ ನಿಮ್ಮ ಪತ್ರಕ್ಕೆ ನನ್ನ ಉತ್ತರ. ಇದರಲ್ಲಿ ರಸಾಯನಶಾಸ್ತ್ರವೂ ಇದೆ, ಭೌತಶಾಸ್ತ್ರವೂ ಇದೆ, ಸ್ವಲ್ಪ ಲೆಕ್ಕವೂ ಇದೆ.

ಬಣ್ಣದ ರಸ್ತೆ ಎಲ್ಲೆಲ್ಲಿ, ಏಕೆ?

ರಸ್ತೆಗೆ ಬಣ್ಣ ಕೊಡುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ. ಮೊದಲನೆಯದು ಎಚ್ಚರಿಕೆ ಮತ್ತು ವಿಂಗಡಣೆ. ನೆದರ್ಲೆಂಡ್ಸ್ ದೇಶದಲ್ಲಿ ಸೈಕಲ್ ದಾರಿಗಳು ಸಾಮಾನ್ಯವಾಗಿ ಕೆಂಪು. ಆ ಬಣ್ಣ ಕಂಡೊಡನೆ ಕಾರಿನವರಿಗೆ ಅದು ತಮ್ಮ ಜಾಗವಲ್ಲ ಎಂದು ತಿಳಿಯುತ್ತದೆ. ಎರಡನೆಯದು ಶೋಭೆ. ಲಂಡನ್ನಿನಲ್ಲಿ ಬಕಿಂಗ್‌ಹ್ಯಾಮ್ ಅರಮನೆಗೆ ಹೋಗುವ ‘ದ ಮಾಲ್’ ರಸ್ತೆಯನ್ನು ಕಬ್ಬಿಣದ ಆಕ್ಸೈಡ್ ಬಳಸಿ ಕೆಂಪಾಗಿಸಿದ್ದಾರೆ.

ಮೂರನೆಯದು ಶಾಖ. ಹೊಸ ಡಾಂಬರು ರಸ್ತೆ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಹತ್ತನೇ ಒಂದು ಭಾಗವನ್ನೂ ಹಿಂದಕ್ಕೆ ಕಳಿಸುವುದಿಲ್ಲ, ಉಳಿದದ್ದನ್ನೆಲ್ಲ ಹೀರುತ್ತದೆ. ನಿಮ್ಮಲ್ಲಿ ಹಲವರ ಅಣ್ಣಂದಿರು, ಮಾಮಂದಿರು ಗಲ್ಫ್‌ನಲ್ಲಿದ್ದಾರೆ. 2019ರಲ್ಲಿ ಕತಾರ್‌ನ ದೋಹಾದಲ್ಲಿ, ಸೂಕ್ ವಾಕಿಫ್ ಮಾರುಕಟ್ಟೆಯ ಹತ್ತಿರದ ರಸ್ತೆಯ ಒಂದು ತುಂಡಿಗೆ ಶಾಖ ಪ್ರತಿಫಲಿಸುವ ನೀಲಿ ಲೇಪ ಹಾಕಿ ಪರೀಕ್ಷಿಸಿದರು. ಹಜ್‌ಗೆ ಹೋಗಿಬಂದ ಹಿರಿಯರನ್ನು ಕೇಳಿ ನೋಡಿ. ಇತ್ತೀಚಿನ ವರ್ಷಗಳಲ್ಲಿ ಮಿನಾದ ಜಮರಾತ್ ಸುತ್ತಲಿನ ಕಾಲುದಾರಿಗಳಿಗೂ ತಿಳಿ ಬಣ್ಣದ ಇಂಥ ಲೇಪ ಹಾಕಲಾಗಿದೆ. ನೆಲದ ಬಿಸಿ ಇದರಿಂದ ಕಡಿಮೆಯಾಗುತ್ತದೆ. ಆದರೆ ನೆಲ ಹೀರದ ಬಿಸಿಲು ಎಲ್ಲಿಗೋ ಹೋಗಲೇಬೇಕಲ್ಲ! ಅದರ ಒಂದಷ್ಟು ಪಾಲು ನಡೆಯುವವರ ಮೈಮೇಲೆ ಬೀಳುತ್ತದೆ. ಒಂದು ಕಡೆ ಲಾಭವಾದರೆ ಇನ್ನೊಂದು ಕಡೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ನೆನಪಿಡಿ. ಬಣ್ಣದ ರಸ್ತೆಯ ಇಡೀ ಕಥೆಯೇ ಹೀಗೆ.

ಡಾಂಬರು ಕಪ್ಪು ಏಕೆ?

ನಾವು ಡಾಂಬರು ಎಂದು ಕರೆಯುವುದು ಈಗ ಬಹುತೇಕ ಬಿಟುಮೆನ್, ಅಂದರೆ ಕಚ್ಚಾ ತೈಲವನ್ನು ಶುದ್ಧೀಕರಿಸುವಾಗ ಕೊನೆಗೆ ತಳದಲ್ಲಿ ಉಳಿಯುವ ಜಿಗುಟು ವಸ್ತು. ಅದರಲ್ಲಿ ನಾಲ್ಕು ಗುಂಪಿನ ಸಂಯುಕ್ತಗಳಿವೆ: ಸ್ಯಾಚುರೇಟ್‌ಗಳು, ಆರೋಮ್ಯಾಟಿಕ್‌ಗಳು, ರೆಸಿನ್‌ಗಳು ಮತ್ತು ಆಸ್ಫಾಲ್ಟೀನ್‌ಗಳು. ಕಪ್ಪು ಬಣ್ಣಕ್ಕೆ ಮುಖ್ಯ ಕಾರಣ ಆಸ್ಫಾಲ್ಟೀನ್‌ಗಳೇ. ಬೆಂಜೀನ್ ಉಂಗುರಗಳು ಒಂದಕ್ಕೊಂದು ಅಂಟಿಕೊಂಡ ಈ ದೊಡ್ಡ ಅಣುಗಳಲ್ಲಿ ಎಲೆಕ್ಟ್ರಾನ್‌ಗಳು ಹರಡಿಕೊಂಡಿರುತ್ತವೆ. ಹಾಗಾಗಿ ಅವು ಕಣ್ಣಿಗೆ ಕಾಣುವ ಬೆಳಕಿನ ಎಲ್ಲ ತರಂಗಾಂತರಗಳನ್ನೂ ಹೀರಿಬಿಡುತ್ತವೆ. ಎಲ್ಲವನ್ನೂ ಹೀರಿದರೆ ಉಳಿಯುವುದು ಕಪ್ಪು.

ಈ ಕಪ್ಪಿಗೆ ಕೆಂಪು ಪುಡಿ ಬೆರೆಸಿದರೆ? ಬೇಕಾದಷ್ಟು ಬೆರೆಸಿದರೂ ಸಿಗುವುದು ಮಂಕಾದ ಕಂದುಗೆಂಪು. ಹಸಿರು, ಹಳದಿ, ನೀಲಿಯಂತೂ ಅದರಲ್ಲಿ ಮುಳುಗಿಯೇ ಹೋಗುತ್ತವೆ. ಇದ್ದಿಲ ಪುಡಿಗೆ ಅರಿಶಿನ ಕಲಸಿದಂತೆ. ಆದ್ದರಿಂದ ನಿಜವಾದ ಬಣ್ಣ ಬೇಕಾದರೆ ಮೊದಲು ಅಂಟನ್ನೇ ಬದಲಿಸಬೇಕು.

ಕರದಂಟಿನ ಪಾಠ

ಗೋಕಾಕದ ಕರದಂಟನ್ನು ನೆನಪಿಸಿಕೊಳ್ಳಿ. ಕೊಬ್ಬರಿ, ಗೋಡಂಬಿ, ಬಾದಾಮಿ, ಕರಿದ ಅಂಟು ಎಲ್ಲವನ್ನೂ ಹಿಡಿದಿಡುವುದು ಬೆಲ್ಲದ ಪಾಕ. ರಸ್ತೆಯೂ ಹಾಗೆಯೇ. ತೂಕದಲ್ಲಿ ಸುಮಾರು 95 ಭಾಗ ಖಡಿ, ಮರಳಿನಂಥ ಸಣ್ಣ ಚೂರು ಮತ್ತು ಕಲ್ಲುಪುಡಿ. ಬರೀ 5 ಭಾಗ ಬಿಟುಮೆನ್. ಆ 5 ಭಾಗವೇ ಪಾಕ. ಪಾಕ ಎಳೆಯದಾದರೆ ಕರದಂಟು ಕೈಗೆ ಅಂಟುತ್ತದೆ, ಹೆಚ್ಚಾದರೆ ಕಲ್ಲಾಗುತ್ತದೆ, ಇನ್ನೂ ಹೆಚ್ಚಾದರೆ ಸೀದು ಕಪ್ಪಾಗುತ್ತದೆ.

ಬಣ್ಣದ ರಸ್ತೆಗೆ ಬಳಸುವುದು ಆಸ್ಫಾಲ್ಟೀನ್ ಇಲ್ಲದ, ಜೇನಿನ ಬಣ್ಣದ ಕೃತಕ ಅಂಟು. ಪೆಟ್ರೋಲಿಯಂ ರೆಸಿನ್, ಎಣ್ಣೆ ಮತ್ತು ಪಾಲಿಮರ್ ಸೇರಿಸಿ ಇದನ್ನು ತಯಾರಿಸುತ್ತಾರೆ. ತೆಳುವಾಗಿ ಹರಡಿದಾಗ ಒಳಗಿನ ಕಲ್ಲು ಕಾಣುವಷ್ಟು ಇದು ಪಾರದರ್ಶಕ. ಇದರ ತೊಂದರೆಗಳು ಎರಡು. ಬೆಲೆ ಮಾಮೂಲಿ ಬಿಟುಮೆನ್‌ಗಿಂತ ಹಲವು ಪಟ್ಟು ಹೆಚ್ಚು. ಜೊತೆಗೆ ಬಿಸಿಯ ವಿಷಯದಲ್ಲಿ ಇದು ಬಹಳ ನಾಜೂಕು: ಹೆಚ್ಚು ಕಾಯಿಸಿದರೆ ಅಥವಾ ಬಿಸಿ ಟ್ಯಾಂಕಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಆಮ್ಲಜನಕದೊಂದಿಗೆ ವರ್ತಿಸಿ ಕಂದಾಗುತ್ತದೆ. ಕಪ್ಪು ಬಿಟುಮೆನ್ ಹೆಚ್ಚು ಕಾದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಇದು ಕಾದರೆ ರಸ್ತೆಯ ಮೇಲೆ ಎದ್ದು ಕಾಣುತ್ತದೆ.

ರಸ್ತೆಯ ಅಂಟಿನಲ್ಲಿ ಹೊಸತನ್ನು ತರುವ ಪ್ರಯತ್ನ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಬೆಂಗಳೂರಿನ ಅಹ್ಮದ್ ಖಾನ್ ಮತ್ತು ರಸೂಲ್ ಖಾನ್ ಸಹೋದರರು ತ್ಯಾಜ್ಯ ಪ್ಲಾಸ್ಟಿಕ್ಕನ್ನು ಬಿಟುಮೆನ್‌ಗೆ ಸೇರಿಸಿ ನಗರದ ರಸ್ತೆಗಳಲ್ಲಿ ಬಳಸಿ ಹೆಸರಾದರು. ಅವರ ಕೆಲಸವೂ ಮೊದಲು ಪ್ರಯೋಗಾಲಯದ ಪರೀಕ್ಷೆಗಳನ್ನು ದಾಟಿಯೇ ರಸ್ತೆಗೆ ಬಂದದ್ದು. ಅಂಟು ಬದಲಿಸುವವರು ಮೊದಲು ಪರೀಕ್ಷೆ ಮಾಡಬೇಕು; ಅದಕ್ಕೆ ಅಡ್ಡದಾರಿ ಇಲ್ಲ.

ಬಣ್ಣದ ಪುಡಿ ಮತ್ತು ಒಂದು ಲೆಕ್ಕ

ಬಟ್ಟೆಯ ಬಣ್ಣ ಇಲ್ಲಿ ನಡೆಯುವುದಿಲ್ಲ. 150 ಡಿಗ್ರಿ ಸೆಲ್ಸಿಯಸ್ ಹತ್ತಿರದ ಬಿಸಿ, ವರ್ಷಾನುಗಟ್ಟಲೆ ಬಿಸಿಲು, ಮಳೆ, ಎಣ್ಣೆ ಎಲ್ಲವನ್ನೂ ತಾಳಬೇಕು. ಅದಕ್ಕೆ ಲೋಹದ ಆಕ್ಸೈಡ್‌ಗಳೇ ಬೇಕು. ಕೆಂಪಿಗೆ ಫೆರಿಕ್ ಆಕ್ಸೈಡ್, ಹಸಿರಿಗೆ ಕ್ರೋಮಿಯಂ ಆಕ್ಸೈಡ್, ಬಿಳುಪಿಗೆ ಟೈಟಾನಿಯಂ ಡೈಆಕ್ಸೈಡ್. ನೀಲಿಗೆ ಕೋಬಾಲ್ಟ್ ಸಂಯುಕ್ತ ಬೇಕು, ಅದು ಬಲು ದುಬಾರಿ. ಜಗತ್ತಿನಲ್ಲಿ ಕೆಂಪು ರಸ್ತೆಗಳೇ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ. ಕೆಂಪು ಪುಡಿ ಅಗ್ಗ, ಗಟ್ಟಿ, ಬಿಸಿಲಿಗೆ ಬೇಗ ಮಾಸುವುದಿಲ್ಲ. ನಮ್ಮ ಕೆಂಪು ಮಣ್ಣಿಗೆ ಬಣ್ಣ ಕೊಟ್ಟಿರುವುದೂ ಇದೇ ಕಬ್ಬಿಣದ ಆಕ್ಸೈಡ್.

ಹಳದಿಯ ವಿಷಯ ನಿಮ್ಮ ಪಠ್ಯಕ್ಕೆ ಹತ್ತಿರದ್ದು. ಹಳದಿ ವರ್ಣದ್ರವ್ಯವೂ ಕಬ್ಬಿಣದ್ದೇ, ಆದರೆ ಅದರ ರಚನೆಯಲ್ಲಿ ನೀರಿನ ಅಂಶವಿದೆ. ಬಿಸಿ ಸುಮಾರು 180 ಡಿಗ್ರಿ ದಾಟಿ ಏರಿದಂತೆ ಅದು ನೀರನ್ನು ಕಳೆದುಕೊಂಡು ಫೆರಿಕ್ ಆಕ್ಸೈಡ್ ಆಗತೊಡಗುತ್ತದೆ. ಹಳದಿ ಹೋಗಿ ಕೆಂಪು ಬರುತ್ತದೆ. ಪ್ಲಾಂಟ್‌ನಲ್ಲಿ ಖಡಿಯನ್ನು ಸ್ವಲ್ಪ ಅತಿಯಾಗಿ ಕಾಯಿಸಿದರೂ ಹಳದಿ ರಸ್ತೆಯಲ್ಲಿ ಕೆಂಪು ತೇಪೆಗಳು ಏಳಬಹುದು.

ಈಗ ಲೆಕ್ಕ. 1 ಟನ್ ಮಿಶ್ರಣಕ್ಕೆ ತೂಕದಲ್ಲಿ 3 ಶೇಕಡಾ ಕೆಂಪು ಪುಡಿ ಎಂದರೆ 30 ಕಿಲೋ. ಇದನ್ನು ಕಲ್ಲುಪುಡಿಯ ಬದಲಿಗೆ ಹಾಕಬೇಕು. ಹಾಗಾದರೆ ಎಷ್ಟು ಕಲ್ಲುಪುಡಿ ತೆಗೆಯಬೇಕು? 30 ಕಿಲೋ ಎಂದು ಹೇಳಿದವರು ತಪ್ಪಿದರು. ಫೆರಿಕ್ ಆಕ್ಸೈಡ್‌ನ ಸಾಂದ್ರತೆ ಸುಮಾರು 5.2, ಕಲ್ಲುಪುಡಿಯದು ಸುಮಾರು 2.7. ಅಂದರೆ 30 ಕಿಲೋ ಕೆಂಪು ಪುಡಿ ತುಂಬುವುದು 5.8 ಲೀಟರ್ ಜಾಗವನ್ನು. ಅಷ್ಟೇ ತೂಕದ ಕಲ್ಲುಪುಡಿ ತುಂಬುವುದು 11.1 ಲೀಟರ್ ಜಾಗವನ್ನು. ತೂಕಕ್ಕೆ ತೂಕ ಬದಲಿಸಿದರೆ ಮಿಶ್ರಣದಲ್ಲಿ 5 ಲೀಟರ್‌ಗೂ ಹೆಚ್ಚು ಜಾಗ ಖಾಲಿ ಉಳಿಯುತ್ತದೆ. ಅಲ್ಲಿಗೆ ನೀರು ಇಳಿಯುತ್ತದೆ, ರಸ್ತೆ ಬೇಗ ಕೀಳುತ್ತದೆ. ಗಾತ್ರಕ್ಕೆ ಗಾತ್ರ ಬದಲಿಸಬೇಕು: 5.8ನ್ನು 2.7ರಿಂದ ಗುಣಿಸಿದರೆ ಸುಮಾರು 15.6. ಇಷ್ಟು ಕಿಲೋ ಕಲ್ಲುಪುಡಿ ತೆಗೆದರೆ ಸಾಕು.

ಕಲ್ಲಿನ ಬಣ್ಣ

ಹೊಸದಾಗಿ ಹಾಕಿದಾಗ ಪ್ರತಿ ಖಡಿಯ ಮೇಲೂ ಬಣ್ಣದ ಅಂಟಿನ ಪದರವಿರುತ್ತದೆ. ಗಾಲಿಗಳು ಉಜ್ಜಿ ಉಜ್ಜಿ ಮೇಲಿನ ಆ ಪದರ ಸವೆದ ಮೇಲೆ ಕಾಣುವುದು ಕಲ್ಲಿನ ಸ್ವಂತ ಬಣ್ಣ. ಹಾಗಾಗಿ ದಿನ ಕಳೆದಂತೆ ರಸ್ತೆಯ ಬಣ್ಣವನ್ನು ನಿರ್ಧರಿಸುವುದು ಪುಡಿಯಲ್ಲ, ಕಲ್ಲು.

ನಮ್ಮ ಭಾಗದ ಸಂಕಟ ಇಲ್ಲಿದೆ. ಬೆಳಗಾವಿ ಜಿಲ್ಲೆಯ ಉತ್ತರದಲ್ಲಿ ಹರಡಿರುವುದು ದಖನ್ ಟ್ರ್ಯಾಪ್‌ನ ಕರಿಕಲ್ಲು, ಬಸಾಲ್ಟ್. ಖಡಿ ಮಷಿನ್‌ಗಳಿಂದ ಸುಲಭವಾಗಿ ಸಿಗುವುದು ಅದೇ. ಗಟ್ಟಿ ಕಲ್ಲು, ಪ್ರತ್ಯಾಮ್ಲೀಯ ಸ್ವಭಾವದ್ದು, ಬಿಟುಮೆನ್ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದು ಕಪ್ಪು. ಮೇಲಿನ ಕೆಂಪು ಸವೆದರೆ ರಸ್ತೆ ಚುಕ್ಕೆಚುಕ್ಕೆಯಾಗಿ ಕಪ್ಪಾಗುತ್ತದೆ. ಗೋಕಾಕ ಜಲಪಾತದ ಕಡೆಯ ಮರಳುಗಲ್ಲಿನ ಜಾತಿಯ ಕಲ್ಲಿಗೆ ತಿಳಿ ಕೆಂಪಿನ ಛಾಯೆ ಇದೆ, ನಿಜ. ಆದರೆ ಸಿಲಿಕಾ ಹೆಚ್ಚಿರುವ ಕಲ್ಲು ಆಮ್ಲೀಯ ಸ್ವಭಾವದ್ದು. ನೀರು ಒಳಗೆ ಇಳಿದರೆ ಅಂಟು ಅದರಿಂದ ಬೇಗ ಬಿಟ್ಟುಕೊಳ್ಳುತ್ತದೆ. ಚೆನ್ನಾಗಿ ಹಿಡಿಯುವ ಕಲ್ಲಿಗೆ ಬಣ್ಣವಿಲ್ಲ, ಬಣ್ಣವಿರುವ ಕಲ್ಲು ಚೆನ್ನಾಗಿ ಹಿಡಿಯುವುದಿಲ್ಲ! ಹಿಡಿತ ಹೆಚ್ಚಿಸುವ ರಾಸಾಯನಿಕ ಸೇರಿಸಬಹುದು, ದೂರದಿಂದ ಬೇರೆ ಕಲ್ಲು ತರಿಸಬಹುದು. ಎರಡಕ್ಕೂ ಖರ್ಚು, ಎರಡಕ್ಕೂ ಪರೀಕ್ಷೆ ಬೇಕು.

ಪ್ಲಾಂಟ್‌ನಿಂದ ರಸ್ತೆಯವರೆಗೆ

ಪುಸ್ತಕದಲ್ಲಿ ಸಿಗದ ಸಂಗತಿಗಳನ್ನು ತಿಳಿಯಲು ಇಪ್ಪತ್ತು ವರ್ಷದಿಂದ ರೋಲರ್ ಓಡಿಸುತ್ತಿರುವ, ನಮ್ಮ ವಿದ್ಯಾರ್ಥಿಯೊಬ್ಬನ ಚಾಚಾ ಅವರನ್ನು ಭೇಟಿಯಾದೆ. ಹೊರ ರಾಜ್ಯದಲ್ಲಿ ಒಮ್ಮೆ ಕೆಂಪು ಮಿಶ್ರಣದ ಕೆಲಸ ಮಾಡಿ ಬಂದವರು. ಅವರು ಹೇಳಿದ್ದು ಒಂದೇ ಮಾತು: “ಕರೀ ಡಾಂಬರ ನಮ್ಮ ತಪ್ಪು ಮುಚ್ಕೋತೈತ್ರಿ ಸರ. ಕೆಂಪಂದು ಒಂದೂ ಮುಚ್ಚಂಗಿಲ್ರಿ.”

ಅವರಿಂದ ತಿಳಿದದ್ದನ್ನೂ ನಾನು ಓದಿದ್ದನ್ನೂ ಕೂಡಿಸಿ ಹೇಳುತ್ತೇನೆ.

1. ಮಿಕ್ಸಿಂಗ್ ಪ್ಲಾಂಟ್ ಪೂರ್ತಿ ಸ್ವಚ್ಛವಾಗಬೇಕು. ಡ್ರಮ್ಮಿನಲ್ಲಿ, ಮಿಕ್ಸರ್‌ನ ರೆಕ್ಕೆಗಳಲ್ಲಿ, ಪೈಪುಗಳಲ್ಲಿ ಹಳೆಯ ಕಪ್ಪು ಅಂಟಿಕೊಂಡಿರುತ್ತದೆ. ಬಿಸಿ ಖಡಿ ಹಾಕಿ ತಿರುಗಿಸಿ ತೊಳೆದರೂ ಮೊದಲ ಒಂದೆರಡು ಘಾಣ ಕೊಳಕಾಗಿಯೇ ಬರುತ್ತವೆ. ಅವನ್ನು ಎಸೆಯಬೇಕು. ಪಾರದರ್ಶಕ ಅಂಟಿಗೆ ಬೇರೆಯದೇ ಟ್ಯಾಂಕ್ ಬೇಕು.

2. ಟಿಪ್ಪರ್, ಪೇವರ್, ರೋಲರ್, ಸಲಿಕೆ, ಕೆಲಸಗಾರರ ಬೂಟು ಎಲ್ಲವೂ ಕಪ್ಪಿಲ್ಲದೆ ಇರಬೇಕು. ಮಿಶ್ರಣ ಅಂಟದಿರಲಿ ಎಂದು ಟಿಪ್ಪರ್‌ಗೆ ಡೀಸೆಲ್ ಸವರುವ ಅಭ್ಯಾಸ ಕೆಲವರಿಗಿದೆ. ಡೀಸೆಲ್ ಅಂಟನ್ನು ಕರಗಿಸುತ್ತದೆ, ಕಲೆ ಮಾಡುತ್ತದೆ. ಸೋಪಿನ ನೀರು ಅಥವಾ ಅದಕ್ಕೆಂದೇ ಇರುವ ದ್ರಾವಣ ಬಳಸಬೇಕು.

3. ಕೆಳಗಿನ ಪದರಕ್ಕೆ ಮೇಲಿನದು ಹಿಡಿಯಲಿ ಎಂದು ಸಿಂಪಡಿಸುವ ಟ್ಯಾಕ್ ಕೋಟ್ ಕಪ್ಪು ಬಣ್ಣದ್ದು. ಅದು ಆರುವ ಮೊದಲು ಟಿಪ್ಪರ್ ಹತ್ತಿಸಿದರೆ, ಗಾಲಿಯ ಕಪ್ಪು ಗುರುತು ಸೀದಾ ಹೊಸ ಕೆಂಪಿನ ಮೇಲೆ.

4. ಮಿಶ್ರಣ ತಣ್ಣಗಾಗುವ ಮೊದಲು ರೋಲರ್ ಓಡಬೇಕು. ಕಡಿಮೆ ಪ್ರಮಾಣದ ಕೆಲಸದಲ್ಲಿ ಪ್ಲಾಂಟ್ ದೂರವಿದ್ದರೆ ದಾರಿಯಲ್ಲೇ ಬಿಸಿ ಇಳಿಯುತ್ತದೆ. ಸರಿಯಾಗಿ ಒತ್ತದ ರಸ್ತೆ ಮೊದಲ ಮಿರಗದ ಮಳೆಗೇ ಖಡಿ ಬಿಡುತ್ತದೆ.

5. ಕೊನೆಯದು, ನಮ್ಮೂರಿಗೆ ಹೆಚ್ಚು ಸಂಬಂಧಪಟ್ಟದ್ದು. ಇಂದು ಹಾಕಿದ ಕೆಂಪು ರಸ್ತೆಯನ್ನು ನಾಳೆ ನೀರಿನ ಪೈಪಿಗೆಂದು ಅಗೆದರೆ ಮುಚ್ಚುವುದು ಯಾವುದರಿಂದ? ನಾಲ್ಕು ಬುಟ್ಟಿ ಕೆಂಪು ಮಿಶ್ರಣವನ್ನು ಯಾರೂ ತಯಾರಿಸಿ ಕೊಡುವುದಿಲ್ಲ. ಕಪ್ಪು ತೇಪೆಯೇ ಗತಿ. ಇದರ ಜೊತೆಗೆ ಕಬ್ಬಿನ ಗದ್ದೆಯಿಂದ ಗಾಲಿಗೆ ಮೆತ್ತಿ ಬರುವ ಎರೆಮಣ್ಣು, ಟ್ರ್ಯಾಕ್ಟರ್ ಎಣ್ಣೆ, ಟೈರಿನ ರಬ್ಬರ್. ತೊಳೆಯುವವರಿಲ್ಲದಿದ್ದರೆ ಎಂಥ ಕೆಂಪೂ ಒಂದೇ ಹಂಗಾಮಿನಲ್ಲಿ ಮಾಸುತ್ತದೆ.

ನಮ್ಮ ಗೇಟಿನ ಲೆಕ್ಕ

ಗೇಟಿನ ಮುಂದೆ 20 ಮೀಟರ್ ಉದ್ದ, 5.5 ಮೀಟರ್ ಅಗಲ, 30 ಮಿಲಿಮೀಟರ್ ದಪ್ಪ ಕೆಂಪು ಡಾಂಬರು ಹಾಕುವುದು ಎಂದುಕೊಳ್ಳೋಣ. ಗಾತ್ರ 3.3 ಘನ ಮೀಟರ್. ಒಂದು ಘನ ಮೀಟರ್‌ಗೆ ಸುಮಾರು 2.3 ಟನ್ ಹಿಡಿದರೆ ಒಟ್ಟು 7.6 ಟನ್. ಒಂದು ಟಿಪ್ಪರ್ ಕೂಡ ತುಂಬುವುದಿಲ್ಲ! ಇಷ್ಟಕ್ಕಾಗಿ ಪ್ಲಾಂಟ್ ನಿಲ್ಲಿಸಿ, ತೊಳೆದು, ಒಂದೆರಡು ಘಾಣ ಎಸೆದು, ಮತ್ತೆ ಕಪ್ಪಿಗೆ ತಿರುಗಿಸುವುದು ಯಾರಿಗೂ ಪೂರೈಸದ ಮಾತು. ಕಿಲೋಮೀಟರ್‌ಗಟ್ಟಲೆ ಉದ್ದದ ಕೆಲಸಕ್ಕೆ ಮಾತ್ರ ಅದು ಹೊಂದುತ್ತದೆ.

ಹಾಗಾದರೆ ಬಣ್ಣ ಬಳಿದುಬಿಡೋಣವೇ?

ಬೇಡ. ನಾನು ಬೇರೆ ಊರಿನಲ್ಲಿ ಓದುತ್ತಿದ್ದಾಗ ಒಂದು ಶಾಲೆಯ ಮುಂದೆ ಉತ್ಸಾಹಿಗಳು ಸೇರಿ ಮನೆಯ ಬಾಗಿಲಿಗೆ ಹಚ್ಚುವ ಎನಾಮೆಲ್ ಬಣ್ಣವನ್ನೇ ರಸ್ತೆಗೆ ಬಳಿದಿದ್ದರು. ನೋಡಲು ಚಂದವಿತ್ತು. ಮೊದಲ ಮಳೆ ಬಿದ್ದ ದಿನ ಹಾಲಿನ ಕ್ಯಾನು ಕಟ್ಟಿಕೊಂಡು ಬಂದ ಬೈಕ್ ಅದರ ಮೇಲೆ ಬ್ರೇಕ್ ಹಾಕಿ ಜಾರಿ ಬಿತ್ತು. ಮಕ್ಕಳ ರಕ್ಷಣೆಗೆ ಹಚ್ಚಿದ ಬಣ್ಣವೇ ಜಾರುಬಂಡೆಯಾಗಿತ್ತು.

ಕಾರಣ ಸರಳ. ಟೈರ್ ರಸ್ತೆಯನ್ನು ಹಿಡಿಯುವುದು ಕಲ್ಲಿನ ಮೇಲ್ಮೈಯ ಸಣ್ಣ ಸಣ್ಣ ಒರಟಿನಿಂದ. ನುಣುಪಾದ ಬಣ್ಣ ಆ ಒರಟನ್ನು ತುಂಬಿಬಿಡುತ್ತದೆ. ಮೇಲೆ ನೀರು ನಿಂತರೆ ಘರ್ಷಣೆ ಕುಸಿಯುತ್ತದೆ. ಪ್ರಥಮ ವರ್ಷದ ಸೂತ್ರವನ್ನೇ ಹಾಕಿ ನೋಡಿ: ನಿಲ್ಲುವ ದೂರ ಎಂದರೆ ವೇಗದ ವರ್ಗವನ್ನು ಘರ್ಷಣಾ ಗುಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದ್ದು. ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಗುಣಾಂಕ 0.7 ಇದ್ದರೆ ವಾಹನ 7.3 ಮೀಟರಿನಲ್ಲಿ ನಿಲ್ಲುತ್ತದೆ. ಗುಣಾಂಕ 0.3ಕ್ಕೆ ಇಳಿದರೆ 17 ಮೀಟರ್ ಬೇಕು. ಈ ಹತ್ತು ಮೀಟರ್ ಅಂತರದಲ್ಲಿ ನಿಂತಿರುವುದು ನೀವು.

ಇನ್ನೊಂದು ಸಂಗತಿ, ಕತ್ತಲು. ಮುಸ್ಸಂಜೆಯಲ್ಲಿ ನಮ್ಮ ಕಣ್ಣಿನ ಶಂಕುಕೋಶಗಳು ಹಿಂದೆ ಸರಿದು ದಂಡಕೋಶಗಳು ಕೆಲಸಕ್ಕೆ ಬರುತ್ತವೆ. ದಂಡಕೋಶಗಳಿಗೆ ಕೆಂಪು ಬೆಳಕು ಬಹಳ ಕಡಿಮೆ ಕಾಣಿಸುತ್ತದೆ. ಹಾಗಾಗಿ ಹಗಲಿನಲ್ಲಿ ಎದ್ದು ಕಾಣುವ ಕೆಂಪು ರಸ್ತೆ ಸಂಜೆ ಕಪ್ಪು ರಸ್ತೆಯಷ್ಟೇ ಮಂಕಾಗುತ್ತದೆ. ರಾತ್ರಿ ಕೆಲಸ ಮಾಡುವುದು ಗಾಜಿನ ಸಣ್ಣ ಮಣಿಗಳಿರುವ ಬಿಳಿ ಪಟ್ಟಿ. ಪ್ರತಿ ಮಣಿಯೂ ಒಂದು ಮಸೂರ; ಹೆಡ್‌ಲೈಟಿನ ಬೆಳಕನ್ನು ಬಂದ ದಿಕ್ಕಿಗೇ, ಚಾಲಕನ ಕಣ್ಣಿನತ್ತ ತಿರುಗಿಸಿ ಕಳಿಸುತ್ತದೆ.

ಮನವಿಯನ್ನು ಹೀಗೆ ಬರೆಯೋಣ

ಚಿಕ್ಕ ಜಾಗಕ್ಕೆ ಸರಿಹೊಂದುವ ದಾರಿ ಬೇರೆ ಇದೆ. ಗಟ್ಟಿಯಾದ ಡಾಂಬರಿನ ಮೇಲೆ ಎಪಾಕ್ಸಿಯಂಥ ರೆಸಿನ್ ಹರಡಿ, ಅದರ ಮೇಲೆ 1ರಿಂದ 3 ಮಿಲಿಮೀಟರಿನ ಬಣ್ಣದ ಗಟ್ಟಿ ಕಲ್ಲಿನ ಹರಳು ಉದುರಿಸುವ ವಿಧಾನವದು. ಇದು ಬಣ್ಣವನ್ನೂ ಕೊಡುತ್ತದೆ, ಒರಟನ್ನೂ ಕೊಡುತ್ತದೆ. ಪ್ಲಾಂಟ್ ತೊಳೆಯಬೇಕಿಲ್ಲ. ಆದರೆ ರಸ್ತೆ ಪೂರ್ತಿ ಒಣಗಿರಬೇಕು, ಧೂಳು, ಎಣ್ಣೆ ಇರಬಾರದು, ರೆಸಿನ್ ಗಟ್ಟಿಯಾಗುವವರೆಗೆ ವಾಹನ ಬಿಡಬಾರದು. ಅಂದರೆ ಮಳೆಗಾಲ ಮುಗಿದು ಕಬ್ಬಿನ ಹಂಗಾಮು ಶುರುವಾಗುವ ನಡುವಿನ ಕೆಲವೇ ದಿನಗಳು ನಮಗೆ ಸಿಗುತ್ತವೆ.

ಆದ್ದರಿಂದ ಪತ್ರದಲ್ಲಿ ಇವನ್ನು ಕೇಳೋಣ:

– ಮೊದಲು ವೇಗ ತಗ್ಗಿಸುವ, ಎತ್ತರಿಸಿದ ದಾಟುಪಟ್ಟಿ ಮತ್ತು ಅದಕ್ಕೆ ಮುನ್ನ ಎಚ್ಚರಿಕೆ ಫಲಕ. ಬಣ್ಣ ಕಣ್ಣಿಗೆ ಮಾತ್ರ ಹೇಳುತ್ತದೆ, ಉಬ್ಬು ಗಾಲಿಗೇ ಹೇಳುತ್ತದೆ.

– ಅದರ ಮೇಲೆ ಗಾಜಿನ ಮಣಿಗಳಿರುವ ಬಿಳಿ ಪಟ್ಟಿಗಳು, ಮತ್ತು ದೀಪ.

– ಸಾಧ್ಯವಾದರೆ, ಪಟ್ಟಿಗಳ ಹಿನ್ನೆಲೆಗೆ ಜಾರದಂಥ ಕೆಂಪು ಹರಳಿನ ಲೇಪ. ಎನಾಮೆಲ್ ಬಣ್ಣ ಖಂಡಿತ ಬೇಡ.

– ನೀರು ನಿಲ್ಲದಂತೆ ಬದಿಯ ಗಟಾರ ಸರಿಪಡಿಸುವುದು.

– ಪ್ರತಿ ಹಂಗಾಮಿನ ನಂತರ ಪರಿಶೀಲನೆ. ಮಾಸಿದ ಎಚ್ಚರಿಕೆಯನ್ನು ನಂಬಿ ದಾಟುವವರಿಗೆ, ಎಚ್ಚರಿಕೆಯೇ ಇಲ್ಲದ ಕಡೆಗಿಂತ ಹೆಚ್ಚು ಅಪಾಯ.

ಮಾಡಿ ನೋಡಿ

1. ಗೇಟಿನ ಎರಡೂ ಬದಿಗೆ, ರಸ್ತೆಗೆ ಇಳಿಯದೆ, ಕಟ್ಟೆಯ ಮೇಲೆ 30 ಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿ. ವಾಹನಗಳು ಆ ದೂರ ದಾಟುವ ಸಮಯ ಅಳೆಯಿರಿ. 3 ಸೆಕೆಂಡಿನಲ್ಲಿ ದಾಟಿದರೆ ಗಂಟೆಗೆ 36 ಕಿ.ಮೀ. ನೂರು ವಾಹನಗಳ ಪಟ್ಟಿ ಮಾಡಿ.

2. ಕಾಲೇಜು ಬಿಡುವ ಹೊತ್ತಿನ ಅರ್ಧ ಗಂಟೆಯಲ್ಲಿ ಎಷ್ಟು ಜನ ದಾಟುತ್ತಾರೆ, ಎಷ್ಟು ಟ್ರ್ಯಾಕ್ಟರ್ ಹೋಗುತ್ತವೆ ಎಣಿಸಿ.

3. ಒಂದು ಒರಟು ಹಂಚಿನ ಅರ್ಧಕ್ಕೆ ಎನಾಮೆಲ್ ಬಳಿದು ಒಣಗಿಸಿ. ನೀರು ಚಿಮುಕಿಸಿ, ರಬ್ಬರ್ ತುಂಡೊಂದನ್ನು ಇಟ್ಟು ಹಂಚನ್ನು ನಿಧಾನವಾಗಿ ಓರೆ ಮಾಡಿ. ಯಾವ ಕೋನದಲ್ಲಿ ರಬ್ಬರ್ ಜಾರುತ್ತದೆ ಎಂದು ಎರಡೂ ಅರ್ಧಗಳಿಗೆ ಬರೆದುಕೊಳ್ಳಿ. ಆ ಕೋನದ ಟ್ಯಾಂಜೆಂಟ್ ಬೆಲೆಯೇ ಘರ್ಷಣಾ ಗುಣಾಂಕ.

ಈ ಮೂರರ ಫಲಿತಾಂಶವನ್ನು ಹೊಸ ಮನವಿಗೆ ಲಗತ್ತಿಸಿ ತನ್ನಿ. ಬೇಡಿಕೆ ಮಾತ್ರ ಇದ್ದ ಪತ್ರವನ್ನು ಕಚೇರಿಯಲ್ಲಿ ಬದಿಗಿಡುವುದು ಸುಲಭ. ಅಳತೆ ಇದ್ದ ಪತ್ರಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಅದಕ್ಕೆ ಮೊದಲ ಸಹಿ ನನ್ನದು. ಅಲ್ಲಿಯವರೆಗೆ ಎಲ್ಲರೂ ಗುಂಪಾಗಿ, ಎರಡೂ ಕಡೆ ನೋಡಿ, ಮೊಬೈಲ್ ಜೇಬಿನಲ್ಲಿಟ್ಟು ದಾಟಿರಿ.

— ರಸಾಯನಶಾಸ್ತ್ರ ಉಪನ್ಯಾಸಕರು